ಜಗಲಿಯಿಂದ ಇಳಿದ ಮೇಲೆ

ನಮ್ಮಜ್ಜ ಜೀವಮಾನದಲ್ಲಿ ನಿಂತು ವ್ಯಾಪಾರ ಮಾಡಿದವನಲ್ಲ. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಅವನ ಕಿರಾಣಿ ಅಂಗಡಿ. ಎರಡು ಕಂಬಗಳ ನಡುವೆ ಮಡಿಚಿದ ಗೋಣಿಚೀಲ, ಅದರ ಮೇಲೆ ಅಜ್ಜ, ಕೈಗೆಟುಕುವಂತೆ ತಕ್ಕಡಿ, ಎಡಕ್ಕೆ ಬೆಲ್ಲದ ಪೆಂಟೆ. ಗಿರಾಕಿ ಬಂದರೆ ಅವರೂ ಜಗಲಿಗೆ ಕೂತು, ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ ಕಾಲು ಕಿಲೋ ತೊಗರಿಬೇಳೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಹೊಸಪೇಟೆಯ ದೊಡ್ಡ ಸೂಪರ್ ಮಾರ್ಕೆಟೊಂದರ ಬಿಲ್ಲಿಂಗ್ ಕೌಂಟರಿಗೆ ಸೇರಿ ಹನ್ನೊಂದು ವರ್ಷವಾಯಿತು. ಅಷ್ಟೂ ವರ್ಷ ನಿಂತೇ ಇದ್ದೇನೆ. ಕಂಪನಿಯ ಹೆಸರು ಬೇಡ. ಊರೂರಲ್ಲಿ ಅದರ ಅಂಗಡಿಗಳಿವೆ, ಎಲ್ಲ ಕಡೆಯೂ ನಮ್ಮಂಥವರ ಮೈಮೇಲೆ ಒಂದೇ ಬಣ್ಣದ ಟೀ ಶರ್ಟು.

ವಿರೂಪಾಕ್ಷ ಗುಡಿಯ ಮುಂದಿನ ಆ ಬಜಾರು ಹತ್ತಿರ ಹತ್ತಿರ ಮುಕ್ಕಾಲು ಕಿಲೋಮೀಟರ್ ಉದ್ದ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕಲ್ಲ ಎಂದು ಬೆರಗಾಗಿದ್ದ. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ನಗರದ ಬೀದಿಗಳಲ್ಲಿ ಮಾಣಿಕ್ಯ, ವಜ್ರ, ಮುತ್ತು ಕಂಡ. ಸಂಜೆಯ ಸಂತೆಯಲ್ಲಿ ತಟ್ಟುಕುದುರೆ, ನಿಂಬೆ, ಕಿತ್ತಳೆ, ಸೌದೆಯನ್ನೂ ಕಂಡ. ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಇಲ್ಲವೇ ಹತ್ತು ದಾಳಿಂಬೆ ಎಂದು ಬೆಲೆಯನ್ನೂ ಬರೆದಿಟ್ಟ. ಎಲ್ಲರೂ ಅವನ ವಜ್ರದ ಸುದ್ದಿ ಹೇಳುತ್ತಾರೆ. ನನ್ನ ಕಣ್ಣು ಹೋದದ್ದು ದಾಳಿಂಬೆಯ ದರಕ್ಕೆ. ಬಿಲ್ಲಿಂಗಿನವನ ಚಾಳಿ.

ಮಾರುವವರು ಹೇಗೆ ಕೂತಿದ್ದರು ಎನ್ನುವುದಕ್ಕೆ ನನಗೆ ನಮ್ಮ ಮಂಟಪವೇ ಸಾಕ್ಷಿ. ಅದರ ನೆಲ ಬೀದಿಗಿಂತ ಎತ್ತರ. ಕೂತ ಅಜ್ಜನ ಕಣ್ಣು, ಬೀದಿಯಲ್ಲಿ ನಿಂತ ಗಿರಾಕಿಯ ಕಣ್ಣು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತಿದ್ದವು. ಕಲ್ಲುಕುಟಿಗ ಅಂಗಡಿಯವನ ಮಂಡಿಯನ್ನು ನೆನೆದೇ ಕಟ್ಟಿದನೋ ಏನೋ.

1962ರಲ್ಲಿ ಕಿಲೋ ಕಡ್ಡಾಯವಾಯಿತು. ಅಜ್ಜ ಬಟ್ಟು ಬದಲಿಸಿದನೇ ಹೊರತು ಬಾಯಿ ಬದಲಿಸಲಿಲ್ಲ. ಸಾಯುವತನಕ ಅವನ ಲೆಕ್ಕ ಸೇರು, ಪಾವಿನಲ್ಲೇ. ತೂಕ ಮುಗಿದ ಮೇಲೆ ಒಂದು ಚಿಟಿಕೆ ಮೇಲಕ್ಕೆ ಹಾಕುತ್ತಿದ್ದ. ಅದು ಕೊಸರು. ಯಾವ ಪುಸ್ತಕದಲ್ಲೂ ಬರೆಯದ ಲೆಕ್ಕ ಅದು, ಆದರೆ ಹಾಕದಿದ್ದರೆ ಮಾರನೇ ದಿನ ಗಿರಾಕಿ ಪಕ್ಕದ ಮಂಟಪದಲ್ಲಿರುತ್ತಿದ್ದರು. ಉದ್ರಿಯದು ಮಾತ್ರ ಬೇರೆ ಪುಸ್ತಕ, ಕೆಂಪು ಬಟ್ಟೆಯ ರಟ್ಟಿನದು.

ನನ್ನ ಕಸುಬು ಹುಟ್ಟಿದ್ದು ಬೇರೆ ಸೀಮೆಯಲ್ಲಿ. ಅಮೆರಿಕದ ಮೆಂಫಿಸ್ ಎಂಬ ಊರಲ್ಲಿ 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು, ಬೇಕಾದ್ದು ನೀವೇ ಎತ್ತಿಕೊಳ್ಳಿ ಎಂದ. ಅಲ್ಲಿಂದ ನಡೆಯುವ ಕೆಲಸ ಕೊಳ್ಳುವವರದಾಯಿತು, ಬಾಗಿಲ ಬಳಿ ನಿಂತು ಎಣಿಸುವ ಕೆಲಸ ನಮ್ಮದಾಯಿತು. 1974ರ ಜೂನಿನಲ್ಲಿ ಓಹಿಯೊದ ಒಂದು ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವನ್ನು ಯಂತ್ರ ಮೊದಲ ಸಲ ಗೆರೆಗಳಿಂದ ಓದಿತು. ಈಗ ಅದೇ ಗೆರೆಗಳು ನನ್ನ ಕೈಕೆಳಗೆ. 890 ಎಂದು ಶುರುವಾದರೆ ನಮ್ಮ ದೇಶದಲ್ಲಿ ನೋಂದಾಯಿಸಿದ ನಂಬರು. ಬೀಪ್ ಎಂದರೆ ಆಯಿತು, ಬೆಲೆ ನೆನಪಿಡಬೇಕಿಲ್ಲ. ಅಜ್ಜನಿಗೆ ಇಡೀ ಅಂಗಡಿ ಬಾಯಿಪಾಠ. ನನಗೆ ಉಪ್ಪಿನ ದರ ಕೇಳಿದರೂ ಪೊಟ್ಟಣ ತಿರುಗಿಸಬೇಕು.

ನಾನಿಲ್ಲಿಗೆ ಬರುವಂತಾದದ್ದು 2011ರ ಜುಲೈ ಕೊನೆಯ ದೆಸೆಯಿಂದ. ಆ ದಿನಗಳಲ್ಲಿ ಹಂಪಿ ಬಜಾರಿನ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಸ್ಮಾರಕಕ್ಕೆ ಅದು ಒಳ್ಳೆಯದು ಎನ್ನುವವರ ಮಾತಿನಲ್ಲೂ ಹುರುಳಿದೆ, ಜಗಳವಾಡಲಾರೆ. ಆದರೆ ಬಜಾರು ಎಂದು ಹೆಸರಿಟ್ಟುಕೊಂಡು ಒಂದು ಪಾವು ಅಕ್ಕಿಯೂ ಸಿಗದ ಬೀದಿ ಅದಾಯಿತು. ಅದೇ ಜುಲೈ ಕೊನೆಗೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ನನ್ನ ಜೊತೆ ಗೋಡೌನಿನಲ್ಲಿರುವವನು ಸಂಡೂರಿನವನು, ಆಗ ಲಾರಿಯ ಸಾಲ ಕಟ್ಟುತ್ತಿದ್ದ. ನಾವಿಬ್ಬರೂ ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡವರೆಂದು ಗೊತ್ತಾದದ್ದು ವರ್ಷಗಳ ಮೇಲೆ, ಚಹಾ ಕುಡಿಯುತ್ತಾ.

ಕಂಪ್ಲಿ ಕಡೆಯ ಒಬ್ಬ ಅವ್ವ ಮೊಮ್ಮಗಳ ಜೊತೆ ಬರುತ್ತಾಳೆ. ಅವಳೂರ ಸುತ್ತ ಭತ್ತದ ಗದ್ದೆಗಳೇ. ಇಲ್ಲಿ ಸೋನಾ ಮಸೂರಿಯ ಬಣ್ಣದ ಚೀಲ ನೋಡಿ ನಗುತ್ತಾಳೆ. ಒಮ್ಮೆ ಸಡಿಲು ಸಕ್ಕರೆ ತೂಗಿಸಿ ತಂದವಳು ನನ್ನ ಮುಂದೆ ನಿಂತು ಕೇಳಿದಳು:

"ಕೊಸರು ಹಾಕಂಗಿಲ್ಲೇನು ತಮ್ಮಾ?"

"ಇಲ್ಲಿ ಹಾಕಂಗಿಲ್ಲವ್ವಾ, ಚೀಟಿ ಅಂಟಿಸಿಬಿಟ್ಟಾರ."

"ಹಂಗಂದ್ರ ನೀನು ಅಂಗಡಿಯವನಲ್ಲ ಬಿಡು."

ಸರಿಯಾಗೇ ಹೇಳಿದಳು. ನಾನು ಒಂದು ಚಿಟಿಕೆ ಹೆಚ್ಚು ಹಾಕಿದರೆ ಅದು ಕೊರತೆ. ರಾತ್ರಿ ಗಲ್ಲಾದಲ್ಲಿ ಇಪ್ಪತ್ತು ರೂಪಾಯಿ ಕಮ್ಮಿ ಬಂದರೂ ಸಂಬಳದಲ್ಲಿ ಕತ್ತರಿ. ಕಂಪನಿಯೂ ಒಂದಕ್ಕೆ ಒಂದು ಉಚಿತ ಕೊಡುತ್ತದೆ, ಆದರೆ ಅದು ಯಾರ ಮುಖ ನೋಡಿಯೂ ಅಲ್ಲ.

ಕರ್ನಾಟಕದ ಅಂಗಡಿ ಕಾಯ್ದೆ 1961ರದು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಎಂದು ಕಟ್ಟು ಹಾಕಿತು. ಬರೆದವರ ಕಣ್ಣಮುಂದೆ ನಮ್ಮಜ್ಜನಂಥ ಅಂಗಡಿಯವರೇ ಇದ್ದಿರಬೇಕು, ಒಂಬತ್ತು ಗಂಟೆ ನಿಲ್ಲುವವರು ಬರುತ್ತಾರೆಂದು ಯಾರು ಎಣಿಸಿದ್ದರು? ಕೇರಳದಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ಹೋರಾಡಿ, 2018ರಲ್ಲಿ ಕಾಯ್ದೆ ತಿದ್ದಿಸಿದರು. 2021ರಲ್ಲಿ ತಮಿಳುನಾಡೂ ಅಂಗಡಿಗಳಲ್ಲಿ ಕುರ್ಚಿ ಇಡಬೇಕೆಂದು ಕಾನೂನು ಮಾಡಿತು. ಸುದ್ದಿ ಓದಿ ಹೇಳಿದರೆ ನಮ್ಮ ಮ್ಯಾನೇಜರ್ ನಕ್ಕ. ಅವನೂ ಪಾಪ, ನಿಂತೇ ನಕ್ಕ.

ಆಗಾಗ ಸ್ಟಾಕ್ ಎಣಿಕೆಯ ರಾತ್ರಿ ಬರುತ್ತದೆ. ಶಟರ್ ಎಳೆದು, ಒಂದೊಂದು ಸಾಲಿಗೆ ಇಬ್ಬಿಬ್ಬರಂತೆ ಹಂಚುತ್ತಾರೆ. ಮೇಲಿನ ಅರೆಗಳನ್ನು ನಿಂತು ಎಣಿಸಬೇಕು. ತೀರಾ ಕೆಳಗಿನದನ್ನು ನೆಲದ ಮೇಲೆ ಕೂತೇ ಎಣಿಸಬೇಕು. ಅಲ್ಲಿ ಉಪ್ಪು, ಬೆಲ್ಲ, ಹಿಟ್ಟಿನ ಚೀಲ. ಆ ಸಾಲನ್ನು ನಾನೂ ಸಂಡೂರಿನವನೂ ಪ್ರತಿ ಸಲ ಕೇಳಿ ತಗೊಳ್ಳುತ್ತೇವೆ. ಚಕ್ಕಳಮಕ್ಕಳ ಹಾಕಿ, ಅವನು ಎಣಿಸುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಬೆಲ್ಲ ಬಂದಾಗ ಮಾತ್ರ ನಿಧಾನ ಮಾಡುತ್ತೇವೆ.