ಹಾಸ್ಟೆಲಿನ ಮೂಲೆಯ ಕೋಣೆಗೆ ವೈಫೈ ತಲುಪಿದ ಕತೆ

ನಮ್ಮ ಕಾಸರಗೋಡಿನ ಮಕ್ಕಳು ಪ್ಲಸ್ ಟು ಮುಗಿಸಿ ಮಂಗಳೂರು, ಕಣ್ಣೂರು, ಕೋಝಿಕ್ಕೋಡ್ ಅಂತ ಹೊರಟರೆ ಮತ್ತೆ ಮೂರು ನಾಲ್ಕು ವರ್ಷ ಹಾಸ್ಟೆಲೇ ಅವರಿಗೆ ಮನೆ. ಮೊದಲೆಲ್ಲ ಫೀಸು ಎಷ್ಟು, ಊಟ ಹೇಗೆ, ನೀರು ಉಂಟಾ ಅಂತ ವಿಚಾರಿಸುತ್ತಿದ್ದೆವು. ಈಗ ವೈಫೈ ಉಂಟಾ ಅಂತಲೂ ಕೇಳುತ್ತೇವೆ. ಉಂಟು ಎಂದೇ ಉತ್ತರ ಬರುತ್ತದೆ. ಆದರೆ ಹಾಸ್ಟೆಲಿನಲ್ಲಿ ಉಂಟು ಎಂಬುದಕ್ಕೂ ಎಲ್ಲ ಕೋಣೆಗಳಿಗೂ ಸಿಗುತ್ತದೆ ಎಂಬುದಕ್ಕೂ ಬಹಳ ದೂರ. ಆ ದೂರವನ್ನು ವಿಶ್ವವಿದ್ಯಾಲಯಗಳು ಹೇಗೆ ದಾಟುತ್ತ ಬಂದವು ಎಂಬುದಕ್ಕೆ ಐವತ್ತು ವರ್ಷಗಳ ಚರಿತ್ರೆ ಉಂಟು. ನಮ್ಮ ಮಕ್ಕಳಿಗೂ ಸಂಬಂಧಪಟ್ಟದ್ದಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕತೆ ಶುರುವಾಗುವುದು ಪೆಸಿಫಿಕ್ ಸಮುದ್ರದ ನಡುವೆ, ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರನ್ನು ಬೇರೆ ಬೇರೆ ಕಡೆಗಳಿಂದ ಬಳಸಬೇಕಿತ್ತು. ಟೆಲಿಫೋನ್ ತಂತಿಯನ್ನೇ ನಂಬಿದರೆ ಖರ್ಚು ಹೆಚ್ಚು, ಕೆಲಸ ಕಡಿಮೆ. ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ಮತ್ತು ಅವರ ಸಂಗಡಿಗರು ತಂತಿಯ ಬದಲು ರೇಡಿಯೊ ಅಲೆ ಬಳಸಿದರು. 1971ರ ಜೂನಿನಲ್ಲಿ 'ಅಲೋಹಾನೆಟ್' ಕೆಲಸ ಶುರುಮಾಡಿತು. ಎಲ್ಲರೂ ಒಂದೇ ಅಲೆಯಲ್ಲಿ ಸಂದೇಶ ಕಳಿಸಬಹುದು. ಇಬ್ಬರದು ಒಟ್ಟಿಗೆ ಹೋಗಿ ಡಿಕ್ಕಿಯಾದರೆ, ಇಬ್ಬರೂ ಸ್ವಲ್ಪ ಹೊತ್ತು ಕಾಯಬೇಕು. ಯಾರು ಎಷ್ಟು ಕಾಯಬೇಕು ಎಂಬುದಕ್ಕೆ ಕಟ್ಟುಪಾಡಿಲ್ಲ; ಆದ್ದರಿಂದಲೇ ಎರಡನೆಯ ಸಲ ಡಿಕ್ಕಿಯಾಗುವುದು ಕಡಿಮೆ. ಇಂದಿನ ವೈಫೈಯ ಬೇರು ಈ ಉಪಾಯದಲ್ಲಿ ಉಂಟು.

ಎರಡನೆಯ ಹೆಜ್ಜೆ ಕಾನೂನಿನದು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕೆಲವು ರೇಡಿಯೊ ಪಟ್ಟಿಗಳನ್ನು ಸಂಪರ್ಕಕ್ಕೆ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಅದರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಇದೇ ಪಟ್ಟಿಯಲ್ಲಿ, ಹಾಗಾಗಿ ಬೇರೆಯವರಿಗೆ ಅದು ಅಷ್ಟಾಗಿ ಬೇಕಿರಲಿಲ್ಲ. ನಮ್ಮ ದೇಶದಲ್ಲಿ ಈ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟ ನಿಯಮ ಬಂದದ್ದು 2005ರಲ್ಲಿ.

ಮೂರನೆಯದೇ ಯೋಜನೆ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಹಿಲ್ಸ್ ಎಂಬವರು 1990ರ ದಶಕದ ಮೊದಲ ಭಾಗದಲ್ಲಿ 'ವೈರ್‌ಲೆಸ್ ಆಂಡ್ರೂ' ಜಾಲ ಕಟ್ಟಲು ಹೊರಟರು. ಅದಕ್ಕೆ ಮೊದಲು ಅವರು ಅಲಾಸ್ಕಾದ ದೂರದ ಹಳ್ಳಿಗಳಿಗೆ ರೇಡಿಯೊ, ಟೆಲಿಫೋನ್ ಮುಟ್ಟಿಸುವ ಕೆಲಸ ಮಾಡಿದವರು. ಆಗ ವೈಫೈ ಎಂಬ ಹೆಸರೇ ಇರಲಿಲ್ಲ. 802.11 ಎಂಬ ಮಾನದಂಡ ಬಂದದ್ದೇ 1997ರಲ್ಲಿ.

ಅವರ ಮುಂದಿದ್ದ ಪ್ರಶ್ನೆ ಅಡಿಕೆ ತೋಟ ಇರುವವರಿಗೆ ಬೇಗ ಅರ್ಥವಾದೀತು. ತೋಟಕ್ಕೆ ಸ್ಪ್ರಿಂಕ್ಲರ್ ಇಡುವಾಗ ನಾವೇನು ನೋಡುತ್ತೇವೆ? ಒಂದರ ನೀರು ಮುಗಿಯುವಲ್ಲಿ ಇನ್ನೊಂದರದು ಮುಟ್ಟಬೇಕು. ನಡುವೆ ಒಣ ಜಾಗ ಉಳಿಯಬಾರದು. ಹಾಗಂತ ಒತ್ತೊತ್ತಾಗಿ ಇಟ್ಟರೆ ಪೈಪು, ದುಡ್ಡು ಎರಡೂ ದಂಡ. ವೈಫೈ ಪೆಟ್ಟಿಗೆಗಳದ್ದೂ ಇದೇ ಲೆಕ್ಕ. ಆದರೆ ತೋಟದಲ್ಲಿ ಗೋಡೆ ಇಲ್ಲ, ಕಟ್ಟಡದಲ್ಲಿ ಉಂಟು. ಪ್ಲೈವುಡ್ಡನ್ನು ಅಲೆ ಸುಲಭವಾಗಿ ದಾಟುತ್ತದೆ, ಕಾಂಕ್ರೀಟಿನಲ್ಲಿ ಸೊರಗುತ್ತದೆ. ನಮ್ಮ ಕಡೆಯ ದಪ್ಪ ಕೆಂಪುಕಲ್ಲಿನ ಗೋಡೆಯಂತೂ ಕೇಳುವುದೇ ಬೇಡ. ಆದ್ದರಿಂದ ನಕ್ಷೆ ನೋಡಿ ಅಂದಾಜು ಮಾಡಿದರೆ ಸಾಲದು, ಅಳೆಯಲೇ ಬೇಕು. ಪೆಟ್ಟಿಗೆಯನ್ನು ಒಂದು ಕಡೆ ತಾತ್ಕಾಲಿಕವಾಗಿ ಇಟ್ಟು, ಕಟ್ಟಡದ ಉದ್ದಗಲ ನಡೆದು, ಅಲೆ ಎಲ್ಲಿ ಕ್ಷೀಣಿಸುತ್ತದೆ ಎಂದು ಗುರುತು ಹಾಕಿ, ಮತ್ತೆ ಪೆಟ್ಟಿಗೆಯನ್ನು ಸರಿಸುವುದು. ಈ ಕೆಲಸ ಬೇಗ ಆಗಲೆಂದು ಹಿಲ್ಸ್ ತಂಡ 'ರೋಲಬೌಟ್' ಎಂಬ, ಗಾಡಿಯ ಮೇಲಿಟ್ಟು ತಳ್ಳುತ್ತ ಅಳೆಯುವ ಸಾಧನವನ್ನೂ ಮಾಡಿತು.

ಇನ್ನೊಂದು ತೊಡಕೂ ಉಂಟು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲುಗಳು ಅಲ್ಲಿ ಸಿಗುವುದು ಮೂರೇ: 1, 6 ಮತ್ತು 11. ಅಕ್ಕಪಕ್ಕದ ಪೆಟ್ಟಿಗೆಗಳಿಗೆ ಒಂದೇ ಚಾನೆಲ್ ಕೊಟ್ಟರೆ, ಜಾತ್ರೆಯಲ್ಲಿ ಎರಡು ಮೈಕು ಎದುರುಬದುರು ಕೂಗಿದ ಹಾಗೆ. ಅಕ್ಕಪಕ್ಕ ಮಾತ್ರ ಅಲ್ಲ, ಮೇಲಿನ ಮಾಳಿಗೆ, ಕೆಳಗಿನ ಮಾಳಿಗೆಯನ್ನೂ ನೋಡಬೇಕು.

ಇಷ್ಟೆಲ್ಲ ಲೆಕ್ಕ ಮೊದಲು ನಡೆದದ್ದು ಹೆಚ್ಚಾಗಿ ತರಗತಿ, ಪ್ರಯೋಗಾಲಯ, ಕಚೇರಿಗಳನ್ನು ಮನಸ್ಸಿನಲ್ಲಿಟ್ಟು. ಆದರೆ ಮಕ್ಕಳು ನಿಜವಾಗಿ ಎಲ್ಲಿ ಬಳಸುತ್ತಾರೆ? ಅದಕ್ಕೆ ಉತ್ತರ ಕೊಟ್ಟದ್ದು ಅಮೆರಿಕದ ಡಾರ್ಟ್‌ಮತ್ ಕಾಲೇಜು. 2001ರಲ್ಲಿ ಇಡೀ ಕ್ಯಾಂಪಸ್ಸಿಗೆ ನಿಸ್ತಂತು ಜಾಲ ಹಾಕಿದ ಮೇಲೆ ಡೇವಿಡ್ ಕಾಟ್ಜ್ ಮತ್ತು ಕೋಬಿ ಎಸಿಯನ್ ಅದರ ಬಳಕೆಯನ್ನು ಅಧ್ಯಯನ ಮಾಡಿದರು. 161 ಕಟ್ಟಡಗಳು, 476 ಪೆಟ್ಟಿಗೆಗಳು, ಸುಮಾರು 2,000 ಬಳಕೆದಾರರು. ಎಲ್ಲಕ್ಕಿಂತ ಹೆಚ್ಚು ಬಳಕೆ ಕಂಡದ್ದು ವಿದ್ಯಾರ್ಥಿಗಳು ವಾಸಿಸುವ ಕಟ್ಟಡಗಳಲ್ಲಿ, ಅದರಲ್ಲೂ ಹೊಸದಾಗಿ ಸೇರಿದವರು ಇದ್ದಲ್ಲಿ. ಗ್ರಂಥಾಲಯಕ್ಕೆ ಮೊದಲು, ಹಾಸ್ಟೆಲಿಗೆ ಕೊನೆಗೆ ಎಂಬ ಎಣಿಕೆಗೆ ಇದು ಒಳ್ಳೆಯ ಉತ್ತರ.

ಅಲ್ಲಿಂದ ಯೋಜನೆಯ ಪ್ರಶ್ನೆಯೇ ಬದಲಾಯಿತು. ಅಲೆ ಮುಟ್ಟಿದರೆ ಸಾಲದು, ಎಲ್ಲರ ಪಾಲಿಗೂ ಸಾಕಷ್ಟು ಬರಬೇಕು. ಒಂದು ಪೆಟ್ಟಿಗೆಯ ಶಕ್ತಿಯನ್ನು ಅದಕ್ಕೆ ಸೇರಿದವರೆಲ್ಲ ಹಂಚಿಕೊಳ್ಳುತ್ತಾರೆ. ರಾತ್ರಿ ಎಲ್ಲರೂ ಒಟ್ಟಿಗೆ ಕೂತರೆ ಫೋನಿನಲ್ಲಿ ಗೆರೆ ಪೂರ್ತಿ ಕಂಡರೂ ಪಾಠ ತೆರೆಯುವುದಿಲ್ಲ. ಖರ್ಚು ಉಳಿಸಲು ಪೆಟ್ಟಿಗೆಗಳನ್ನು ಕಾರಿಡಾರಿನಲ್ಲಿ ಸಾಲಾಗಿ ತೂಗಿಸುವುದುಂಟು. ಆಗ ಅಲೆ ಕಾರಿಡಾರಿನಲ್ಲಿ ಧಾರಾಳವಾಗಿ ಓಡಿ ಪೆಟ್ಟಿಗೆ ಪೆಟ್ಟಿಗೆಗೇ ಅಡ್ಡಿಯಾಗುತ್ತದೆ, ಬಾತ್‌ರೂಮಿನ ಗೋಡೆಯ ಆಚೆಗಿನ ಕೋಣೆಗೆ ಮಾತ್ರ ಹೋಗುವುದಿಲ್ಲ. ಈಗ ಒಳ್ಳೆಯ ಯೋಜನೆಗಳಲ್ಲಿ ಕಡಿಮೆ ಶಕ್ತಿಯ ಹೆಚ್ಚು ಪೆಟ್ಟಿಗೆಗಳನ್ನು ಕೋಣೆಗಳ ಒಳಗೇ ಇಡುತ್ತಾರೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲುಗಳು ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಇಲ್ಲಿ ಆ ದೋಷವೇ ಗುಣ. ಪಕ್ಕದ ಕೋಣೆಗೆ ತೊಂದರೆ ಇಲ್ಲ.

ಗೋಡೆ ಕಲ್ಲಿನದೇ ಆಗಬೇಕೆಂದಿಲ್ಲ, ನಿಯಮದ್ದೂ ಆಗಬಹುದು. ನಮ್ಮ ಕೇರಳದಲ್ಲೇ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರ ತನಕ ಮೊಬೈಲ್ ಮುಟ್ಟಬಾರದೆಂಬ ಕಟ್ಟಳೆ ಇತ್ತು. ಒಪ್ಪದ ವಿದ್ಯಾರ್ಥಿನಿಯನ್ನು ಹೊರಗೆ ಹಾಕಿದರು. ಅವಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ಅವರು ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಪು ಕೊಟ್ಟರು. ಅವಳನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿದರು. ಮರುವರ್ಷ ಕೊರೋನ ಬಂದು ಪಾಠವೆಲ್ಲ ಫೋನಿಗೆ ಬಂದಾಗ ಆ ಮಾತಿನ ತೂಕ ಎಲ್ಲರಿಗೂ ಗೊತ್ತಾಯಿತು.

ಹಾಗಾಗಿ ನಾನು ಹೇಳುವುದಿಷ್ಟೇ. ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಲು ಹೋದಾಗ ಆಫೀಸಿನಲ್ಲಿ ಕೂತು ವೈಫೈ ಉಂಟಾ ಎಂದು ಕೇಳಿ ಬರಬೇಡಿ. ಕೊನೆಯ ಮಾಳಿಗೆಯ ಕೊನೆಯ ಕೋಣೆಗೆ ಹೋಗಿ, ಬಾಗಿಲು ಹಾಕಿ, ಫೋನು ತೆರೆದು ನೋಡಿ. ಆಗುವುದಾದರೆ ಎಲ್ಲ ಮಕ್ಕಳೂ ಕೋಣೆಯಲ್ಲಿರುವ ರಾತ್ರಿಯ ಹೊತ್ತು ನೋಡಿ. ಅಲ್ಲಿ ಸಿಕ್ಕಿತೆಂದರೆ ಯೋಜನೆ ಮಾಡಿದವರು ನಡೆದು ಅಳೆದಿದ್ದಾರೆ ಎಂದು ತಿಳಿಯಬಹುದು. ಸಿಗದಿದ್ದರೆ ಹಾಗೆಂದು ಅವರಿಗೆ ಹೇಳಿಯೇ ಬನ್ನಿ. ಆ ಕೋಣೆಯಲ್ಲಿ ಯಾರದ್ದಾದರೂ ಮಗು ಇರುತ್ತದೆ.