ಬೀಗ ಬಿದ್ದ ಮನೆಗಳು: ಮುಂಬೈ ಚಾಳಗಳ ನೂರು ವರ್ಷದ ಪಾಠ

ಹೋದ ಬೇಸಿಗೆಯಲ್ಲಿ ನಮ್ಮ ತಾಲೂಕು ಪಟ್ಟಣದ ಹೊರಗೆ ಕಟ್ಟಿರುವ ಸರ್ಕಾರಿ ಮನೆಗಳನ್ನು ನೋಡಲು ಹೋಗಿದ್ದೆವು. ಮೂರು ಅಂತಸ್ತಿನ ಕಟ್ಟಡಗಳು. ಬಣ್ಣ ಇನ್ನೂ ಮಾಸಿರಲಿಲ್ಲ. ಆದರೆ ಒಂದೊಂದು ಸಾಲಿನಲ್ಲೂ ನಾಲ್ಕೈದು ಬಾಗಿಲಿಗೆ ಬೀಗ. ಅಲ್ಲಿ ಮನೆ ಸಿಕ್ಕಿದ್ದ ಹೆಣ್ಣುಮಗಳೊಬ್ಬರು ಹಳೇ ಗುಡಿಸಲಿನಲ್ಲೇ ಇದ್ದರು. ಯಾಕೆ ಎಂದು ಕೇಳಿದೆವು.

“ಮನಿ ಛಲೋ ಐತ್ರಿ. ಆದ್ರ ಕೂಲಿಗೆ ಬರಬೇಕಂದ್ರ ದಿನಾ ಆಟೋಕ್ಕ ರೊಕ್ಕ ಕೊಡಬೇಕು. ಕೂಸಿನ್ನ ಅಲ್ಲಿ ಯಾರ ಕೈಯಾಗ ಬಿಟ್ಟು ಬರೂದ್ರಿ?” ಅಂದರು.

ನಾವು ವರದಿ ಕಳಿಸಿದೆವು. “ಮನೆ ಕೊಟ್ಟರೂ ಹೋಗದ ಜನ” ಎಂಬ ತಲೆಬರಹ ಹಾಕಿ ಅಚ್ಚಾಯಿತು. ತಪ್ಪೆಲ್ಲ ಜನರದ್ದೇ ಎನ್ನುವ ಹಾಗೆ. ಅವತ್ತಿನಿಂದ ಆ ತಲೆಬರಹ ನಮ್ಮನ್ನು ಕೊರೆಯುತ್ತಿದೆ. ಯಾಕೆಂದರೆ ಇದು ಹೊಸ ಕಥೆಯಲ್ಲ. ನೂರು ವರ್ಷದ ಹಿಂದೆ ಮುಂಬೈಯಲ್ಲಿ ಇದೇ ನಡೆದಿತ್ತು.

ಪ್ಲೇಗು, ಗಿರಣಿ, ಚಾಳ

ಚಾಳ, ಖೋಲಿ, ಖಾನಾವಳಿ. ಈ ಮೂರು ಮಾತು ಉತ್ತರ ಕರ್ನಾಟಕದ ನಮಗೆ ಹೊಸವಲ್ಲ. 1956ರವರೆಗೆ ವಿಜಯಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬೈ ಆಡಳಿತದಲ್ಲೇ ಇದ್ದವು. ಆಗ ಅಲ್ಲಿದ್ದ ಸರ್ಕಾರವೇ ನಮ್ಮ ಸರ್ಕಾರ.

ಮುಂಬೈ ತುಂಬಿದ್ದು ಬಟ್ಟೆ ಗಿರಣಿಗಳಿಂದ. ಹಳ್ಳಿಗಳಿಂದ ಬಂದ ಗಂಡಸರು ಒಂದು ಖೋಲಿಯಲ್ಲಿ ಹತ್ತು ಹದಿನೈದು ಜನ ಇರುತ್ತಿದ್ದರು. ಒಬ್ಬ ಪಾಳಿಗೆ ಹೋದರೆ ಅವನ ಜಾಗದಲ್ಲಿ ಇನ್ನೊಬ್ಬ ಮಲಗುವುದು. 1896ರಲ್ಲಿ ಪ್ಲೇಗು ಬಂತು. ಇಕ್ಕಟ್ಟಿನ ಓಣಿಗಳೇ ರೋಗಕ್ಕೆ ಕಾರಣ ಎಂದು ಬ್ರಿಟಿಷರು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ಟ್ರಸ್ಟ್ ಕೆಲವು ಚಾಳಗಳನ್ನು ಕಟ್ಟಿತು. ಪರೇಲ್‌ನ ಅಂಥದೇ ಒಂದು ಚಾಳದಲ್ಲಿ ಅಂಬೇಡ್ಕರ್ ಕುಟುಂಬ ಸುಮಾರು ಎರಡು ದಶಕ ಬದುಕಿತು. ಆದರೆ ಟ್ರಸ್ಟ್ ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಮನೆ ಕಳಕೊಂಡವರು ಪಕ್ಕದ ಓಣಿಗೆ ನುಗ್ಗಿದರು. ಇಕ್ಕಟ್ಟು ಹಾಗೇ ಉಳಿಯಿತು.

1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ದೊಡ್ಡ ಯೋಜನೆ ತಂದರು. ಕಾರ್ಮಿಕರಿಗೆ 50,000 ಖೋಲಿ ಕಟ್ಟುವುದು ಗುರಿ. ಖರ್ಚು ತೂಗಿಸಲು ನಗರಕ್ಕೆ ಬರುವ ಹತ್ತಿಯ ಪ್ರತಿ ಅಂಡಿಗೆಗೆ ಒಂದು ರೂಪಾಯಿ ಸುಂಕ ಹಾಕಿದರು. ಹುಬ್ಬಳ್ಳಿ, ಗದಗ ಕಡೆಯ ಹತ್ತಿಯೂ ಆ ಪೇಟೆಗೇ ಹೋಗುತ್ತಿತ್ತು. ಅಂದಮೇಲೆ ಆ ಗೋಡೆಗಳಲ್ಲಿ ನಮ್ಮ ರೈತರ ಬೆವರೂ ಇದೆ. ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿದ್ದರಿಂದ ಅವುಗಳಿಗೆ ಬಿಡಿಡಿ ಚಾಳ ಎಂದು ಹೆಸರು ಬಿತ್ತು. ವರ್ಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿ ಈ ನಾಲ್ಕು ಕಡೆ 207 ಕಟ್ಟಡ ಎದ್ದವು. ಒಂದರಲ್ಲಿ 80 ಖೋಲಿ, ಒಂದೊಂದು ಖೋಲಿ 160 ಚದರ ಅಡಿ. ಸಂಡಾಸು, ನಲ್ಲಿ ಎಲ್ಲರಿಗೂ ಸೇರಿ. ಗುರಿ 50,000 ಇದ್ದದ್ದು ಹದಿನಾರು ಸಾವಿರ ಚಿಲ್ಲರೆಗೇ ನಿಂತಿತು.

ಆಮೇಲೆ ಆದದ್ದನ್ನು ಗಮನಿಸಿ. ಅಷ್ಟು ಕಟ್ಟಿದರೂ ಜನ ಬರಲಿಲ್ಲ. ಅದರಲ್ಲೂ ವರ್ಳಿಯ ಚಾಳಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಗಿರಣಿ ದೂರ, ಹತ್ತಿರ ಸಂತೆ ಪೇಟೆ ಇಲ್ಲ, ಬಾಡಿಗೆ ಕೂಲಿಯವನಿಗೆ ಭಾರ. 1930ರ ಕಾನೂನುಭಂಗ ಚಳವಳಿಯಲ್ಲಿ ಹಿಡಿದ ಸತ್ಯಾಗ್ರಹಿಗಳನ್ನು ಕೂಡಿಹಾಕಲು ಸರ್ಕಾರ ವರ್ಳಿಯಲ್ಲಿ ತಾತ್ಕಾಲಿಕ ಜೈಲು ಮಾಡಿದಾಗ ಬಳಸಿಕೊಂಡದ್ದು ಈ ಚಾಳಗಳನ್ನೇ. ಕಾರ್ಮಿಕರಿಗೆಂದು ಕಟ್ಟಿದ ಮನೆ ಜೈಲಾಯಿತು.

ಖೋಲಿ ಮನೆಯಾದದ್ದು ಹೇಗೆ?

ಮುಂದೆ ಅದೇ ಚಾಳಗಳು ತುಂಬಿದವು. ಗೋಡೆ ಬದಲಾಗಿರಲಿಲ್ಲ. ಸುತ್ತ ಊರು ಬೆಳೆದಿತ್ತು, ಕೆಲಸ ಹತ್ತಿರ ಬಂದಿತ್ತು. ಒಬ್ಬ ಬಂದರೆ ಅವನ ಹಿಂದೆ ಅವನೂರಿನ ನಾಲ್ವರು ಬರುತ್ತಿದ್ದರು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ನಡುವಿನ ಓಣಿಯಲ್ಲಿ ಮಕ್ಕಳು ಆಡುತ್ತಿದ್ದರೆ ಯಾವುದೋ ಒಂದು ಮನೆಯ ಅಜ್ಜಿಯ ಕಣ್ಣು ಅವರ ಮೇಲಿರುತ್ತಿತ್ತು.

ಹೆಂಗಸರು ಒಂಟಿ ಗಂಡಸರಿಗೆ ಅಡುಗೆ ಮಾಡಿ ಹಾಕುತ್ತಿದ್ದರು. ಅದೇ ಖಾನಾವಳಿ. 160 ಚದರ ಅಡಿಯ ಖೋಲಿ ಮನೆಯೂ ಹೌದು, ದುಡಿಮೆಯ ಜಾಗವೂ ಹೌದು. ಈ ಹೆಂಗಸರು ಬಡ್ಡಿ ಸಾಲದಲ್ಲಿ ಸಿಕ್ಕಿಬಿದ್ದಿದ್ದರು. ಪ್ರೇಮಾ ಪುರಾವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಅವರಿಗೆ ಬ್ಯಾಂಕ್ ಸಾಲ ಸಿಗುವಂತೆ ಮಾಡಿದರು.

ಚಾಳವೆಂದರೆ ಸ್ವರ್ಗ ಎಂದು ನಾವು ಹೇಳುತ್ತಿಲ್ಲ. ಬೆಳಿಗ್ಗೆ ಸಂಡಾಸಿಗೆ ಸಾಲು, ನೀರಿಗೆ ಜಗಳ. ಗಿರಣಿಯ ನೇಯ್ಗೆ ವಿಭಾಗದಿಂದ ದಲಿತರನ್ನು ಹೊರಗಿಟ್ಟ ಜಾತಿ ಚಾಳಕ್ಕೂ ಬಂದಿತ್ತು. ಯಾವ ಕಟ್ಟಡ ಯಾರದು ಎಂದು ಜಾತಿಯ ಮೇಲೆ ಗುರುತು ಹಿಡಿಯಬಹುದಿತ್ತು. 1974ರ ಜನವರಿಯಲ್ಲಿ ವರ್ಳಿಯ ಬಿಡಿಡಿ ಚಾಳಗಳಲ್ಲೇ ದಲಿತರ ವಿರುದ್ಧ ದೊಡ್ಡ ಗಲಭೆ ಆಯಿತು. ಒತ್ತಾಗಿ ಬದುಕಿದ ಮಾತ್ರಕ್ಕೆ ಒಗ್ಗಟ್ಟು ತಾನಾಗಿ ಬರುವುದಿಲ್ಲ.

ಬಾಡಿಗೆ ನಿಂತಿತು, ರಿಪೇರಿಯೂ ನಿಂತಿತು

1947ರ ಬಾಡಿಗೆ ಕಾಯ್ದೆ ಖಾಸಗಿ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡವರು ನಗರದ ನಡುವೆ ಉಳಿದದ್ದು ಆ ಕಾಯ್ದೆಯಿಂದ. ಆದರೆ ಐದು ಹತ್ತು ರೂಪಾಯಿ ಬಾಡಿಗೆಯಲ್ಲಿ ಮಾಲೀಕ ಸೂರು ರಿಪೇರಿ ಮಾಡುವುದುಂಟೆ? ಮಳೆಗಾಲದಲ್ಲಿ ಹಳೇ ಕಟ್ಟಡ ಕುಸಿದು ಜನ ಸಾಯುವ ಸುದ್ದಿಯನ್ನು ನೀವೂ ಕೇಳಿರುತ್ತೀರಿ. ಮನೆ ಅಗ್ಗವಾಗಿದ್ದರೆ ಸಾಲದು. ಅದನ್ನು ನೋಡಿಕೊಳ್ಳುವ ಖರ್ಚು ಯಾರದು ಎಂಬುದೂ ಮೊದಲೇ ತೀರ್ಮಾನ ಆಗಿರಬೇಕು.

1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಅದು ಮುರಿಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ಜನ ಊರಿಗೆ ಮರಳಿದರು. ಗಿರಣಿ ಜಾಗದಲ್ಲಿ ಮಾಲ್, ಟವರ್ ಎದ್ದವು.

ಪುಕ್ಕಟೆ ಮನೆಯ ಲೆಕ್ಕ

1995ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಳೆಗೇರಿ ಪುನರ್ವಸತಿ ಯೋಜನೆ ತಂದಿತು. ಲೆಕ್ಕ ಸರಳ. ಕೊಳೆಗೇರಿಯ ಜನರಿಗೆ ಬಿಲ್ಡರ್ ಪುಕ್ಕಟೆ ಮನೆ ಕಟ್ಟಿಕೊಡಬೇಕು. ಅದಕ್ಕೆ ಬದಲಾಗಿ ಮಾರಾಟಕ್ಕೆ ಹೆಚ್ಚುವರಿ ಮನೆ ಕಟ್ಟಿಕೊಳ್ಳಬಹುದು. ಮೊದಲು 225 ಚದರ ಅಡಿ, ಆಮೇಲೆ 269, ಈಗ 300. ಒಳಗೇ ಸಂಡಾಸು, ನಲ್ಲಿ. ಹೆಣ್ಣುಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಜಾಗ ಉಳಿಸಲು ಬಡವರ ಕಟ್ಟಡಗಳನ್ನು ಒಂದಕ್ಕೊಂದು ಅಂಟಿಸಿದ ಹಾಗೆ ಕಟ್ಟಿದರು. ಗೋವಂಡಿಯ ನಟವರ್ ಪಾರೇಖ್ ಕಾಂಪೌಂಡ್‌ನಲ್ಲಿ ಎರಡು ಕಟ್ಟಡಗಳ ನಡುವೆ ಮೂರು ಮೀಟರ್ ಮಾತ್ರ. ಅಲ್ಲಿ ಕ್ಷಯರೋಗ ಹೆಚ್ಚು, ಅದೂ ಗಾಳಿ ಬೆಳಕಿಲ್ಲದ ಕೆಳಗಿನ ಮಹಡಿಗಳಲ್ಲಿ ಇನ್ನೂ ಹೆಚ್ಚು ಎಂದು 2018ರಲ್ಲಿ ಹೊರಬಂದ ವೈದ್ಯರ ಅಧ್ಯಯನ ಹೇಳಿತು. ಪ್ಲೇಗಿಗೆ ಹೆದರಿ ಓಣಿ ಕೆಡವಿದ ನಗರ, ನೂರು ವರ್ಷ ಕಳೆದ ಮೇಲೆ ತಾನೇ ಇಕ್ಕಟ್ಟಿನ ಓಣಿ ಕಟ್ಟಿತ್ತು.

ಇನ್ನೊಂದು ಉದಾಹರಣೆ ಮಾಹುಲ್. ತಾನ್ಸಾ ನೀರಿನ ಪೈಪಿನ ಪಕ್ಕದ ಗುಡಿಸಲುಗಳನ್ನು ತೆಗೆಸಿ, 2017ರಿಂದ ಜನರನ್ನು ಅಲ್ಲಿಗೆ ಕಳಿಸಿದರು. 72 ಕಟ್ಟಡ, 17,000ಕ್ಕೂ ಹೆಚ್ಚು ಮನೆ. ಪಕ್ಕದಲ್ಲೇ ತೈಲ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆ. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಎಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಕೆಮ್ಮು, ಚರ್ಮರೋಗದಿಂದ ಬೇಸತ್ತ ಜನ 2018ರಲ್ಲಿ ವಿದ್ಯಾವಿಹಾರದ ರಸ್ತೆ ಬದಿಗೆ ಬಂದು ಧರಣಿ ಕೂತರು. ಬೇರೆ ಕಡೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಸರ್ಕಾರಕ್ಕೆ ಹೇಳಿತು. ಸ್ವಂತ ಮನೆಯ ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು ಜನ ಫುಟ್‌ಪಾತಿನಲ್ಲಿ ಮಲಗಿದ್ದರು.

ಈಗ ಬಿಡಿಡಿ ಚಾಳಗಳನ್ನೂ ಕೆಡವುತ್ತಿದ್ದಾರೆ. ಅಲ್ಲೇ ಇದ್ದವರಿಗೆ ಅಲ್ಲೇ 500 ಚದರ ಅಡಿಯ ಮನೆ. ವರ್ಳಿಯಲ್ಲಿ 2025ರ ಆಗಸ್ಟ್‌ನಲ್ಲಿ ಮೊದಲ 556 ಕುಟುಂಬಗಳಿಗೆ ಕೀಲಿ ಕೊಟ್ಟರು. ಜನರನ್ನು ಜಾಗದಿಂದ ಎಬ್ಬಿಸದೆ ಮನೆ ದೊಡ್ಡದು ಮಾಡಿದ್ದು ಒಳ್ಳೆಯ ಕೆಲಸ. ಆದರೆ ನಲವತ್ತು ಅಂತಸ್ತಿನ ಕಟ್ಟಡದ ಲಿಫ್ಟು, ಪಂಪು, ಕಾವಲಿನ ಖರ್ಚನ್ನು ಗಿರಣಿ ಕಾರ್ಮಿಕನ ಮೊಮ್ಮಗ ಎಷ್ಟು ವರ್ಷ ತಡೆದುಕೊಳ್ಳುತ್ತಾನೆ? ತಡೆಯಲಾಗದೆ ಮಾರಿ ಹೊರಟರೆ ಅಗ್ಗದ ಮನೆಯ ಕಥೆ ಮತ್ತೆ ಮೊದಲಿಂದ ಶುರು.

ನಮ್ಮ ಊರಿಗೆ ಬಂದರೆ

ನಿಮ್ಮ ಪಟ್ಟಣದಲ್ಲೂ ಇಂಥ ಮನೆಗಳು ಮಂಜೂರಾಗಬಹುದು. ಅರ್ಜಿ ಕೊಡುವಾಗ ಎಷ್ಟು ಚದರ ಅಡಿ ಎಂದು ಕೇಳುತ್ತೀರಿ. ಜೊತೆಗೆ ಇವನ್ನೂ ಕೇಳಿ: ಕೂಲಿ ಸಿಗುವ ಜಾಗ ಎಷ್ಟು ದೂರ? ಅಂಗನವಾಡಿ, ಶಾಲೆ, ಬಸ್ಸು ಇದೆಯೇ? ಒಂದೇ ಓಣಿಯವರನ್ನು ಒಟ್ಟಿಗೆ ಹಾಕುತ್ತಾರೋ, ಲಾಟರಿ ಎತ್ತಿ ಚೆಲ್ಲಾಪಿಲ್ಲಿ ಮಾಡುತ್ತಾರೋ? ಹೊಲಿಗೆ ಯಂತ್ರ, ರೊಟ್ಟಿ ಒಲೆ, ಎರಡು ಆಡು ಇಟ್ಟುಕೊಳ್ಳಲು ಜಾಗ ಇದೆಯೇ? ಮೋಟರ್ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು?

ಮೊನ್ನೆ ಆ ಹೆಣ್ಣುಮಗಳ ಗುಡಿಸಲಿಗೆ ಮತ್ತೆ ಹೋಗಿದ್ದೆವು. ಅವರು ಕೂಲಿಗೆ ಹೋಗಿದ್ದರು. ಕೂಸು ಪಕ್ಕದ ಗುಡಿಸಲಿನ ಅಜ್ಜಿಯ ತೊಡೆಯ ಮೇಲೆ ಮಲಗಿತ್ತು. ನಮ್ಮ ವರದಿಯಲ್ಲಿ ಬರೆಯದೆ ಬಿಟ್ಟದ್ದು ಆ ಅಜ್ಜಿಯನ್ನು. ಅದಕ್ಕೇ ಇಷ್ಟು ಬರೆದೆವು.