ಸಕ್ಕರೆ ನಾಡಿನ ಕಹಿ ಕಡ್ಡಿ

ಕೋಳಿ ಕೂಗುವ ಹೊತ್ತಿಗೆ ಎದ್ದು, ಕೊಟ್ಟಿಗೆಯ ದನ ಬಿಚ್ಚಿ ಹೊರಗೆ ಕಟ್ಟಿ, ಹೊಲದ ಕಡೆ ಹೊರಟ ಮನೆಯ ಯಜಮಾನ ಬದುವಿನ ಹೊಂಗೆ ಮರದಿಂದ ಒಂದು ಎಳೆಯ ಕಡ್ಡಿ ಮುರಿದುಕೊಳ್ಳುತ್ತಿದ್ದ. ತುದಿಯನ್ನು ಜಗಿದು ಕುಂಚ ಮಾಡಿ ಹಲ್ಲುಜ್ಜುತ್ತಲೇ ಗದ್ದೆಗೆ ನೀರು ಬಂದಿದೆಯೇ ಎಂದು ನೋಡಿ ಬರುತ್ತಿದ್ದ. ಕಡೆಗೆ ಕಡ್ಡಿಯನ್ನು ಎರಡಾಗಿ ಸೀಳಿ, ನಾಲಗೆ ಹೆರೆದು ಬಿಸಾಡಿದರೆ ಮುಖ ತೊಳೆಯುವ ಕೆಲಸ ಮುಗಿಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಒಂದೆರಡು ತಲೆಮಾರಿನ ಹಿಂದಿನವರೆಗೂ ಇದು ದಿನನಿತ್ಯದ ನೋಟ. ‘ಒಂದು ಬೇವಿನ ಕಡ್ಡಿ ಮುರ್ಕೊಂಡು ಬಾರ್ಲಾ’ ಎಂಬ ಅಜ್ಜಿಯ ಕೂಗು ಕೇಳದೆ ಬೆಳೆದ ಮಕ್ಕಳು ಆಗ ಕಡಿಮೆ.

ಬೇವು, ಹೊಂಗೆ, ಜಾಲಿ, ಆಲದ ಬಿಳಲು, ಉತ್ತರಾಣಿಯ ಬೇರು. ಈ ಆಯ್ಕೆಯಲ್ಲಿ ಒಂದು ಕ್ರಮವಿದೆ. ಎಲ್ಲವೂ ಕಹಿ, ಒಗರು ಅಥವಾ ಖಾರ. ಚರಕ ಸಂಹಿತೆ ಹೇಳುವುದೂ ಇದನ್ನೇ: ತುದಿ ಜಜ್ಜಿದ, ಒಗರು, ಖಾರ, ಕಹಿ ರುಚಿಯ ಕಡ್ಡಿಯಿಂದ ದಿನಕ್ಕೆ ಎರಡು ಹೊತ್ತು, ವಸಡಿಗೆ ನೋವಾಗದಂತೆ ಹಲ್ಲುಜ್ಜಬೇಕು. ಸುಶ್ರುತ ಸಂಹಿತೆ ಅಳತೆಯನ್ನೂ ಕೊಡುತ್ತದೆ. ಕಡ್ಡಿ 12 ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕು. ಕಹಿಯಲ್ಲಿ ಬೇವು ಶ್ರೇಷ್ಠ, ಒಗರಿನಲ್ಲಿ ಕಗ್ಗಲಿ, ಖಾರದಲ್ಲಿ ಕರಂಜ. ಈ ಕರಂಜವೇ ನಮ್ಮ ಹೊಂಗೆ. ಸಂಸ್ಕೃತದ ಒಂದಕ್ಷರ ಓದದ ರೈತ ಬದುವಿನಲ್ಲಿ ಆರಿಸಿಕೊಂಡ ಮರವೂ, ಗ್ರಂಥದಲ್ಲಿ ಹೆಸರು ಪಡೆದ ಮರವೂ ಒಂದೇ ಆಗಿದ್ದವು.

ಹಲ್ಲು ಕೆಡುವುದೇಕೆ? ‘ಹುಳುಕು ಹಲ್ಲು’ ಎಂಬ ನಮ್ಮ ಮಾತಿನಲ್ಲೇ ಹುಳುವಿದೆ. ಸುಶ್ರುತನ ‘ಕೃಮಿದಂತ’ವೂ ಅದೇ ಅರ್ಥದ್ದು. ಪ್ರಾಚೀನ ಬ್ಯಾಬಿಲೋನಿಯದವರೂ ಹಲ್ಲಿನ ಹುಳುವನ್ನು ನಂಬಿದ್ದರು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ ಆ ಹೊಗೆಯನ್ನು ಬಾಯಿಗೆ ಹಿಡಿದು ‘ಹುಳು ಬೀಳಿಸುವ’ ಚಿಕಿತ್ಸೆ ನಮ್ಮ ಹಳ್ಳಿಗಳಲ್ಲೂ ಇತ್ತು.

ಬರಿಗಣ್ಣಿಗೆ ಕಾಣದ ನಿಜವಾದ ‘ಹುಳು’ಗಳನ್ನು ಕಂಡವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. 1683ರಲ್ಲಿ ಆತ ತನ್ನ ಹಲ್ಲಿನ ಪಾಚಿಯನ್ನೇ ಕೆರೆದು, ತಾನೇ ಮಾಡಿದ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಅದರಲ್ಲಿ ಅಸಂಖ್ಯ ಜೀವಿಗಳು ಓಡಾಡುತ್ತಿದ್ದವು. ಅವು ವಿನಿಗರ್ ಬೆರೆಸಿದರೆ ಸಾಯುತ್ತಿದ್ದವು. ಆದರೆ ಅದೇ ವಿನಿಗರ್‌ನಿಂದ ಬಾಯಿ ಮುಕ್ಕಳಿಸಿದಾಗ ಪಾಚಿಯ ಒಳಗೆ ಅಡಗಿದ್ದವು ಬದುಕಿಯೇ ಇದ್ದವು. ಈ ಪುಟ್ಟ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬೇಕಾಗುತ್ತದೆ.

ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲಿ ಗುಟ್ಟನ್ನು ಬಿಡಿಸಿದ. ಬಾಯಿಯ ಬ್ಯಾಕ್ಟೀರಿಯಾ ಹಲ್ಲನ್ನು ಕೊರೆಯುವುದಿಲ್ಲ. ನಾವು ತಿಂದ ಪಿಷ್ಟ, ಸಕ್ಕರೆಯನ್ನು ಹುಳಿ ಮಾಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಕವಚವನ್ನು ಕರಗಿಸುತ್ತದೆ. 1924ರಲ್ಲಿ ಕ್ಲಾರ್ಕ್ ಎಂಬಾತ ಹುಳುಕು ಹಲ್ಲಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ‘ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್’ ಎಂದು ಹೆಸರಿಟ್ಟ. ಅದಕ್ಕೆ ಸಕ್ಕರೆಯೆಂದರೆ ಎರಡು ಲಾಭ. ಒಂದು ಪಾಲಿನಿಂದ ಆಮ್ಲ ಮಾಡುತ್ತದೆ. ಇನ್ನೊಂದು ಪಾಲಿನಿಂದ ಗೋಂದಿನಂಥ ಅಂಟು ತಯಾರಿಸಿ ಹಲ್ಲಿಗೆ ಭದ್ರವಾಗಿ ಕಚ್ಚಿಕೊಳ್ಳುತ್ತದೆ.

ಮಂಡ್ಯದ ಕಥೆ ಇಲ್ಲಿ ಬಂದು ಸೇರುತ್ತದೆ. ಈ ಸೀಮೆ ಮೊದಲು ಬಹುಪಾಲು ರಾಗಿ, ಹುರುಳಿಯ ಬೆದ್ದಲು ನೆಲ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಮುಂದೆ ಮದ್ದೂರು ತಾಲ್ಲೂಕಿನ ಭಾರತೀನಗರ, ಕೊಪ್ಪಗಳಲ್ಲೂ ಕಾರ್ಖಾನೆಗಳು ಬಂದವು. ಹಬ್ಬಕ್ಕೊಮ್ಮೆ ಬೆಲ್ಲದ ಪಾಯಸ ಉಣ್ಣುತ್ತಿದ್ದ ಮನೆಗಳಿಗೆ ದಿನಕ್ಕೆ ನಾಲ್ಕು ಬಾರಿ ಸಕ್ಕರೆ ಹಾಕಿದ ಕಾಫಿ, ಟೀ ಬಂತು. ಮಕ್ಕಳ ಕೈಗೆ ಬಿಸ್ಕತ್ತು, ಚಾಕೊಲೇಟು ಬಂತು. ಸಿಹಿ ಹೆಚ್ಚಾದ ಈ ಕಾಲದಲ್ಲೇ ಕಹಿ ಕಡ್ಡಿ ಕೈಬಿಟ್ಟು ಹೋಯಿತು.

ಆದರೆ ಕಡ್ಡಿಯಿಂದ ಬ್ರಷ್ಷಿಗೆ ಒಂದೇ ನೆಗೆತದಲ್ಲಿ ಹೋದದ್ದಲ್ಲ. ನಡುವೆ ಹಲ್ಲುಪುಡಿಯ ಕಾಲವೊಂದಿತ್ತು. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ, ಭತ್ತದ ಹೊಟ್ಟನ್ನು ಬಳಸಿ ಮಾಡಿದ್ದು, ಹಳೇ ಮೈಸೂರಿನ ಮನೆಮನೆಯ ವಸ್ತುವಾಯಿತು.

ಹಾಗಾದರೆ ಅಜ್ಜಿಯ ಬೇವಿಗೆ ನಿಜಕ್ಕೂ ಶಕ್ತಿಯಿದೆಯೇ? ಪ್ರಯೋಗಾಲಯದಲ್ಲಿ ಇದನ್ನು ನೋಡುವ ಕ್ರಮ ಸರಳ. ಎಲೆ ಅಥವಾ ತೊಗಟೆಯನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲೋ ಮದ್ಯಸಾರದಲ್ಲೋ ನೆನೆಸಿ ಸೋಸುತ್ತಾರೆ. ಗಾಜಿನ ತಟ್ಟೆಯಲ್ಲಿ ಬಾಯಿಯ ಬ್ಯಾಕ್ಟೀರಿಯಾ ಬೆಳೆಸಿ, ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಡುತ್ತಾರೆ. ಮಾರನೆಯ ದಿನ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿ ಬಳೆ ಕಂಡರೆ ಸಾರ ಕೆಲಸ ಮಾಡಿತೆಂದು ಅರ್ಥ. ಬೇವು, ಲವಂಗ, ತ್ರಿಫಲೆ ಇಂಥ ಪರೀಕ್ಷೆಗಳಲ್ಲಿ ಬಳೆ ಮೂಡಿಸಿವೆ.

1996ರಲ್ಲಿ ಅಮೆರಿಕದ ವೊಲಿನ್ಸ್ಕಿ ಮತ್ತು ಸಂಗಡಿಗರು ಬೇವಿನ ಕಡ್ಡಿಯ ಸಾರವನ್ನು ಬೇರೆ ರೀತಿ ಪರೀಕ್ಷಿಸಿದರು. ಅವರು ಬಳಸಿದ ಪ್ರಮಾಣದಲ್ಲಿ ಸಾರ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲಿಲ್ಲ. ಆದರೆ ಅವು ಅಂಟು ತಯಾರಿಸುವುದನ್ನು ತಗ್ಗಿಸಿತು. ಹಲ್ಲಿನಂಥ ಮೈಗೆ ಕಚ್ಚಿಕೊಳ್ಳದಂತೆಯೂ ಮಾಡಿತು. ಶತ್ರುವನ್ನು ಕೊಲ್ಲಲಿಲ್ಲ, ನೆಲೆ ಕೊಡಲಿಲ್ಲ!

ನಮ್ಮ ರಾಜ್ಯದ ಮಣಿಪಾಲದಲ್ಲೂ ಮಹತ್ವದ ಕೆಲಸ ನಡೆದಿದೆ. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇವಿನ ಬಾಯಿ ಮುಕ್ಕಳಿಸುವ ದ್ರಾವಣ ಮ್ಯೂಟಾನ್ಸ್ ಅನ್ನು ತಗ್ಗಿಸಿತು. ಆದರೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಗ್ಗಿದ್ದು ಆಸ್ಪತ್ರೆಗಳಲ್ಲಿ ಬಳಸುವ ಕ್ಲೋರ್‌ಹೆಕ್ಸಿಡಿನ್‌ಗೆ ಮಾತ್ರ. 2004ರಲ್ಲಿ ಪ್ರಕಟವಾದ ಆರು ವಾರಗಳ ಇನ್ನೊಂದು ಅಧ್ಯಯನದಲ್ಲಿ ಬೇವಿನೆಲೆಯ ಸಾರದ ಜೆಲ್ ಹಲ್ಲಿನ ಪಾಚಿಯನ್ನೂ ಬ್ಯಾಕ್ಟೀರಿಯಾ ಸಂಖ್ಯೆಯನ್ನೂ ಚೆನ್ನಾಗಿ ಇಳಿಸಿತು. ಬಹುಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆ ಹತ್ತಿಸುವ ಕ್ಲೋರ್‌ಹೆಕ್ಸಿಡಿನ್‌ಗೆ ಬದಲಿ ಹುಡುಕುವವರಿಗೆ ಇದು ಆಶಾದಾಯಕ.

ಆದರೂ ಗಾಜಿನ ತಟ್ಟೆ ಬಾಯಿಯಲ್ಲ. ತಟ್ಟೆಯಲ್ಲಿ ಸಾರ ಇಡೀ ದಿನ ನಿಲ್ಲುತ್ತದೆ. ಬಾಯಲ್ಲಿ ಜೊಲ್ಲು ಅದನ್ನು ಗಳಿಗೆಯಲ್ಲಿ ತೊಳೆದುಬಿಡುತ್ತದೆ. ಪಾಚಿಯೊಳಗೆ ಅಡಗಿದ ಬ್ಯಾಕ್ಟೀರಿಯಾಗಳಿಗೆ ಅದು ತಲುಪುವುದೇ ಕಷ್ಟ. ಲೇವನ್‌ಹುಕ್ ವಿನಿಗರ್‌ನಲ್ಲಿ ಕಂಡದ್ದು ಇದನ್ನೇ. ಹಳ್ಳಿಯ ಕಡ್ಡಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅದರ ನಾರು ಪಾಚಿಯನ್ನು ಕೆರೆದು ತೆರೆಯುತ್ತಿತ್ತು, ಅದೇ ಹೊತ್ತಿಗೆ ಅದರ ರಸ ಒಳಗೆ ಇಳಿಯುತ್ತಿತ್ತು. ಹತ್ತು ನಿಮಿಷ ಜಗಿಯುವಾಗ ಊರುವ ಜೊಲ್ಲು ಹುಳಿಯನ್ನು ತೊಳೆಯುತ್ತಿತ್ತು. ಬರೀ ಸಾರವನ್ನು ಬಾಟಲಿಗೆ ತುಂಬಿ ಮುಕ್ಕಳಿಸಿದರೆ ಆ ಕೆಲಸದಲ್ಲಿ ಅರ್ಧ ಮಾತ್ರ ನಡೆಯುತ್ತದೆ.

ಹಾಗೆಂದು ಗಿಡದ್ದೆಲ್ಲ ಮದ್ದಲ್ಲ. ನೋಯುವ ಹಲ್ಲಿಗೆ ಹಚ್ಚುವ ಎಕ್ಕದ ಹಾಲು ವಸಡನ್ನು ಸುಡುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲಿನ ಕವಚವನ್ನು ಸವೆಸುತ್ತವೆ. ಹಲ್ಲಿಗೆ ಉಜ್ಜುವ ಕಡ್ಡಿಪುಡಿಯೂ ಗಿಡದ್ದೇ. ಆದರೆ ಹೊಗೆಸೊಪ್ಪಿನ ಆ ಪುಡಿ ಬಾಯಿಯ ಕ್ಯಾನ್ಸರಿಗೆ ದಾರಿ. ಒಮ್ಮೆ ತೂತು ಬಿದ್ದ ಹಲ್ಲನ್ನು ಯಾವ ಕಡ್ಡಿಯೂ ಮುಚ್ಚಲಾರದು. ಅದಕ್ಕೆ ದಂತವೈದ್ಯರೇ ಬೇಕು.

ಕಬ್ಬು ಬೆಳೆಯುವ ರೈತನ ಮಗುವಿನ ಹಲ್ಲು ಸಕ್ಕರೆಯಿಂದ ಹುಳುಕಾಗಬೇಕೆಂಬ ನಿಯಮವೇನಿಲ್ಲ. ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ಹೊತ್ತು ಉಜ್ಜಲಿ, ಸಿಹಿ ಊಟದ ಜೊತೆಗಷ್ಟೇ ಇರಲಿ. ಬದುವಿನ ಬೇವು, ಹೊಂಗೆಗಳನ್ನು ಸೌದೆಗೆಂದು ಕಡಿಯುವ ಮುನ್ನ ಒಮ್ಮೆ ಯೋಚಿಸೋಣ. ಪ್ರಯೋಗಾಲಯಗಳು ಅವುಗಳಿಂದ ಕಲಿಯುವುದು ಇನ್ನೂ ಮುಗಿದಿಲ್ಲ.